ಬೆಂಗಳೂರಿನ ಕಾಲ್ಚೆಂಡಾಟದ ಒಂದು ಋತು (2013–14): ಆಟಗಾರರ ವಲಸೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕ್ರಿ.ಶ. 2014ರ ಏಪ್ರಿಲ್ 21ರಂದು ಗೋವೆಯ ಮಡಗಾಂವಿನ ಫತೋರ್ಡಾ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ತಂಡವು ಡೆಂಪೊ ತಂಡವನ್ನು 4–2 ಗೋಲುಗಳಿಂದ ಸೋಲಿಸಿತು. ಇನ್ನೂ ಒಂದು ಪಂದ್ಯವು ಬಾಕಿಯಿರುವಾಗಲೇ, ಆಗ ದೇಶದ ಪ್ರಧಾನ ಲೀಗ್ ಆಗಿದ್ದ ಐ-ಲೀಗಿನ ಪ್ರಶಸ್ತಿಯು ಅದರ ಪಾಲಾಯಿತು. ಈ ಕ್ಲಬ್ಬು ಸ್ಥಾಪಿತವಾದುದು ಹಿಂದಿನ ವರ್ಷದ ಜುಲೈ ತಿಂಗಳಿನಲ್ಲಿ. ಹುಟ್ಟಿ ವರ್ಷ ತುಂಬುವ ಮೊದಲೇ ಒಂದು ಸಂಸ್ಥೆಯು ದೇಶದ ಅಗ್ರಸ್ಥಾನಕ್ಕೇರಿದುದು ಆಶ್ಚರ್ಯಕರವೇ ಸರಿ. ಆದರೆ ಆಶ್ಚರ್ಯವನ್ನು ದಾಖಲಿಸುವುದಷ್ಟೇ ಇತಿಹಾಸಕಾರನ ಕೆಲಸವಲ್ಲ. ಈ ಜಯವು ಯಾರದು, ಬಂಡವಾಳ ಹೂಡಿದ ಉದ್ಯಮದ್ದೋ, ಬೆಂಗಳೂರು ನಗರದ್ದೋ, ಅಥವಾ ಕರ್ನಾಟಕದ ಕಾಲ್ಚೆಂಡಾಟದ್ದೋ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಮೊದಲು ಹಿನ್ನೆಲೆಯನ್ನು ಗಮನಿಸಬೇಕು. 1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡುಪ್ರದೇಶದಲ್ಲಿ ಬ್ರಿಟಿಷ್ ಸೈನಿಕರ ಮೂಲಕ ಈ ಆಟವು ಬೇರೂರಿತು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್ ಮೊದಲಾದ ಬಡಾವಣೆಗಳ ಶ್ರಮಜೀವಿಗಳು ಅದನ್ನು ತಮ್ಮದಾಗಿಸಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಕಲಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1–0 ಗೋಲಿನಿಂದ ಸೋಲಿಸಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1891ರಲ್ಲಿ ಆರಂಭವಾಗಿದ್ದ ಆ ಸ್ಪರ್ಧೆಯನ್ನು ಭಾರತೀಯರ ತಂಡವೊಂದು ಗೆದ್ದುದು ಅದೇ ಮೊದಲು. ಮರುವರ್ಷ ಆರ್ಗೈಲ್ ಮತ್ತು ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಬ್ರಿಟಿಷ್ ಸೈನ್ಯದ ತಂಡವನ್ನೇ 3–2ರಿಂದ ಸೋಲಿಸಿ ಆ ಕಪ್ಪನ್ನು ಉಳಿಸಿಕೊಂಡಿತು. ಯಾವ ಸೈನ್ಯವು ಆಟವನ್ನು ತಂದಿತೋ ಅದೇ ಸೈನ್ಯವನ್ನು ಆಟದಲ್ಲಿ ಮಣಿಸಿದ ಈ ಘಟನೆಗೆ ಸ್ವಾತಂತ್ರ್ಯಪೂರ್ವ ಕಾಲದ ಸಾಮಾಜಿಕ ಇತಿಹಾಸದಲ್ಲಿ ಸಲ್ಲಬೇಕಾದ ಸ್ಥಾನವು ಸಲ್ಲಬೇಕಾಗಿದೆ.

ತರುವಾಯದ ದಶಕಗಳು ಮೈಸೂರು ತಂಡದ ಏಳಿಗೆಯ ಕಾಲ. ಅಂತರಪ್ರಾಂತೀಯ ಸಂತೋಷ್ ಟ್ರೋಫಿಯನ್ನು ಮೈಸೂರು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತು; ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಎದುರಾಳಿಯಾಗಿದ್ದುದು ಬಂಗಾಳವೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಮೈಸೂರಿನ ಆಟಗಾರರು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಧನರಾಜ್ ಅವರಾದರೋ ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿ, ಅಲ್ಲಿಯ ಜನರು ‘ಪಂಚಪಾಂಡವರು’ ಎಂದು ಕರೆದ ಐವರು ಮುನ್ನಡೆ ಆಟಗಾರರಲ್ಲಿ ಇಬ್ಬರಾಗಿ ಖ್ಯಾತಿವೆತ್ತರು. ಇಲ್ಲಿ ಒಂದು ಅಂಶವು ಸ್ಪಷ್ಟವಾಗುತ್ತದೆ: ಬೆಂಗಳೂರು ಆಟಗಾರರನ್ನು ಬೆಳೆಸುತ್ತಿತ್ತು, ಅವರಲ್ಲಿ ಶ್ರೇಷ್ಠರಾದವರನ್ನು ಕಲಕತ್ತೆ ಕರೆದುಕೊಳ್ಳುತ್ತಿತ್ತು. ವಲಸೆಯ ಪ್ರವಾಹವು ಹೊರಮುಖವಾಗಿತ್ತು.

ನಗರದಲ್ಲಿಯೇ ಉಳಿದವರಿಗೆ ಆಶ್ರಯವಾದುವು ಸರ್ಕಾರಿ ಸ್ವಾಮ್ಯದ ಕಾರ್ಖಾನೆಗಳು. 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯೂ, 1948ರಲ್ಲಿ ಐ.ಟಿ.ಐ. ಟೆಲಿಫೋನು ಕಾರ್ಖಾನೆಯೂ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಬೆಂಗಳೂರಿನಲ್ಲಿ ಸ್ಥಾಪಿತವಾದುವು. ಆಟದ ಬಲದಿಂದ ಕಾರ್ಖಾನೆಗೆ ಸೇರಿದವನಿಗೆ ಸಂಬಳವು ಬರುತ್ತಿದ್ದುದು ಕಾಲ್ಚೆಂಡಾಟದಿಂದಲ್ಲ, ಹುದ್ದೆಯಿಂದ. ಮೊಣಕಾಲು ಮುರಿದರೂ ಕೆಲಸ ಉಳಿಯುತ್ತಿತ್ತು. ಆಟ ನಿಂತ ಮೇಲೂ ನಿವೃತ್ತಿಯವರೆಗೆ ಜೀವನಕ್ಕೆ ಆಧಾರವಿರುತ್ತಿತ್ತು. ಇದು ಭದ್ರತೆಯ ವ್ಯವಸ್ಥೆ. ಆದರೆ ವರ್ಷಪೂರ್ತಿ ಆಟವನ್ನೇ ಕಸುಬಾಗಿಸಿಕೊಂಡವರ ಎದುರಿನಲ್ಲಿ ಈ ವ್ಯವಸ್ಥೆಯು ಬಹುಕಾಲ ನಿಲ್ಲಲಾರದಾಯಿತು. 1996ರಲ್ಲಿ ರಾಷ್ಟ್ರೀಯ ಲೀಗ್ ಆರಂಭವಾಯಿತು. ಮುಂದಿನ ಹದಿನೇಳು ಋತುಗಳ ಪ್ರಶಸ್ತಿಗಳು ಫಗ್ವಾಡಾ, ಕಲಕತ್ತೆ, ಮುಂಬಯಿ ಮತ್ತು ಗೋವೆಯ ಕ್ಲಬ್ಬುಗಳಲ್ಲಿ ಹಂಚಿಹೋದುವು; 2007–08ರಲ್ಲಿ ಲೀಗಿಗೆ ಐ-ಲೀಗ್ ಎಂಬ ಹೆಸರು ಬಂದ ಮೇಲಂತೂ ಮೊದಲ ಆರು ಪ್ರಶಸ್ತಿಗಳೂ ಗೋವೆಗೇ ಸಂದುವು. ಬೆಂಗಳೂರಿನ ಎಚ್.ಎ.ಎಲ್. ತಂಡವು 2010–11 ಮತ್ತು 2011–12ರಲ್ಲಿ ಐ-ಲೀಗಿನಲ್ಲಿ ಆಡಿ, ಎರಡನೆಯ ಋತುವಿನ ಕೊನೆಗೆ ಕೆಳಗಿನ ದರ್ಜೆಗೆ ಇಳಿಯಿತು. ಕಾರ್ಖಾನೆಯುಗದ ಮುಕ್ತಾಯವನ್ನು ಗುರುತಿಸುವ ಘಟನೆಯೆಂದು ಇದನ್ನು ಪರಿಗಣಿಸಬಹುದು.

ಈ ತೆರವಿನಲ್ಲಿ ಕಾಲಿರಿಸಿದುದು ಜೆ.ಎಸ್.ಡಬ್ಲ್ಯೂ. ಉದ್ಯಮಸಮೂಹದ ಒಡೆತನದ ಬೆಂಗಳೂರು ಎಫ್.ಸಿ. ಅದು ಕೆಳದರ್ಜೆಯಿಂದ ಮೇಲೇರಿ ಬಂದುದಲ್ಲ. ಲೀಗಿನಲ್ಲಿ ಅದಕ್ಕೆ ನೇರ ಪ್ರವೇಶವು ದೊರೆಯಿತು. ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ತರಬೇತುದಾರರಾಗಿಯೂ, ಸುನಿಲ್ ಛೇತ್ರಿ ನಾಯಕರಾಗಿಯೂ ನೇಮಕಗೊಂಡರು. 2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ನಡೆದ ಮೊದಲನೆಯ ಪಂದ್ಯವು 1–1ರಿಂದ ಸಮವಾಯಿತು; ಕ್ಲಬ್ಬಿನ ಪ್ರಥಮ ಗೋಲನ್ನು ಹೊಡೆದವರು ಆಸ್ಟ್ರೇಲಿಯದ ಶಾನ್ ರೂನಿ. ಹದಿಮೂರು ತಂಡಗಳ ಆ ಲೀಗಿನಲ್ಲಿ ಬೆಂಗಳೂರು 24 ಪಂದ್ಯಗಳನ್ನಾಡಿ 14ರಲ್ಲಿ ಗೆದ್ದು, 5ರಲ್ಲಿ ಸಮಮಾಡಿಕೊಂಡು, 5ರಲ್ಲಿ ಸೋತು, 47 ಅಂಕಗಳನ್ನು ಪಡೆಯಿತು. ಈಸ್ಟ್ ಬೆಂಗಾಲ್ ಎರಡನೆಯ ಸ್ಥಾನದಲ್ಲಿ ನಿಂತಿತು. ಕ್ರೀಡಾಂಗಣದ ಪಶ್ಚಿಮ ಅಟ್ಟಣಿಗೆಯಲ್ಲಿ ನೆರೆಯುತ್ತಿದ್ದ ಅಭಿಮಾನಿಗಳು ತಮ್ಮನ್ನು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಕರೆದುಕೊಂಡರು. ಇವರನ್ನು ಒಂದುಗೂಡಿಸಿದುದು ಕೇರಿಯಲ್ಲ, ಕಾರ್ಖಾನೆಯಲ್ಲ, ಮತವಲ್ಲ, ನಗರದ ಹೆಸರು.

ಈಗ ವಲಸೆಯ ಪ್ರಶ್ನೆಗೆ ಮರಳೋಣ. ನಾಯಕ ಛೇತ್ರಿಯವರು ಸಿಕಂದರಾಬಾದಿನಲ್ಲಿ ಹುಟ್ಟಿದವರು. ಥೋಯಿ ಸಿಂಗ್ ಮಣಿಪುರದವರು. ರಿನೊ ಆಂಟೊ ಕೇರಳದ ತೃಶ್ಶೂರಿನವರು. ಜಾನ್ ಜಾನ್ಸನ್ ಇಂಗ್ಲೆಂಡಿನವರು. ಕರ್ಟಿಸ್ ಒಸಾನೊ ಕೀನ್ಯದ ಪರವಾಗಿ ಆಡಿದವರು. ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್ ಅವರಂಥವರೂ ತಂಡದಲ್ಲಿದ್ದರೆಂಬುದು ನಿಜ; ಆದರೆ ತಂಡದ ಬಹುಭಾಗವು ಹೊರಗಿನಿಂದ ಬಂದುದು. ಹಿಂದೆ ಅಹ್ಮದ್ ಖಾನರನ್ನು ಕಳುಹಿಸಿಕೊಟ್ಟ ನಗರವು ಈಗ ಇತರರನ್ನು ಬರಮಾಡಿಕೊಳ್ಳುವ ನಗರವಾಯಿತು. ಪ್ರವಾಹದ ದಿಕ್ಕು ಬದಲಾಯಿತೆಂಬುದೇ 2013–14ರ ಋತುವಿನ ಐತಿಹಾಸಿಕ ಮಹತ್ತ್ವವೆಂದು ನಮ್ಮ ಅಭಿಪ್ರಾಯ. ಹುದ್ದೆಯ ಸ್ಥಾನದಲ್ಲಿ ಕರಾರುಪತ್ರವು ಬಂದಿತು. ಆಟದ ಮಟ್ಟವು ಏರಿತು; ಆಟಗಾರನ ಮುಪ್ಪಿನ ಭದ್ರತೆಯು ಇಳಿಯಿತು. ಲಾಭನಷ್ಟಗಳೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಬದಲಾವಣೆಯನ್ನು ಬರಿದೆ ಪ್ರಗತಿಯೆಂದಾಗಲಿ ಬರಿದೆ ಅವನತಿಯೆಂದಾಗಲಿ ಕರೆಯುವುದು ಯುಕ್ತವಲ್ಲ.

ಇದೇ ಸಮಸ್ಯೆಯನ್ನು ಸ್ಪೇನ್ ದೇಶವು ಬಹು ಹಿಂದೆಯೇ ಎದುರಿಸಿದ್ದಿತು. ಅಲ್ಲಿ 1926ರಲ್ಲಿ ವೃತ್ತಿಪರ ಆಟಕ್ಕೆ ಮಾನ್ಯತೆಯು ದೊರೆತು, 1929ರಲ್ಲಿ ಹತ್ತು ತಂಡಗಳ ರಾಷ್ಟ್ರೀಯ ಲೀಗ್ ಆರಂಭವಾಯಿತು. ಮೊದಲನೆಯ ಪ್ರಶಸ್ತಿಯನ್ನು ಬಾರ್ಸಿಲೋನಾ ಗೆದ್ದಿತು. ಹಣವುಳ್ಳ ಕ್ಲಬ್ಬುಗಳು ದೇಶವಿದೇಶಗಳಿಂದ ಆಟಗಾರರನ್ನು ಕರೆತಂದುವು. ಆದರೆ ಬಿಲ್ಬಾವೊ ನಗರದ ಅಥ್ಲೆಟಿಕ್ ಕ್ಲಬ್ಬು ಬಾಸ್ಕ್ ಪ್ರದೇಶದಲ್ಲಿ ಹುಟ್ಟಿದ ಇಲ್ಲವೆ ಅಲ್ಲಿಯೇ ತರಬೇತಿ ಪಡೆದ ಆಟಗಾರರನ್ನು ಮಾತ್ರ ಆಡಿಸುವ ಪದ್ಧತಿಯನ್ನು ಅನುಸರಿಸಿಕೊಂಡು ಬಂದಿದೆ. ಹಾಗಿದ್ದೂ ಪ್ರಥಮ ದರ್ಜೆಯಿಂದ ಎಂದೂ ಕೆಳಗಿಳಿಯದ ಮೂರು ಕ್ಲಬ್ಬುಗಳಲ್ಲಿ ಅದೂ ಒಂದು. ವೃತ್ತಿಪರತೆಗೂ ನೆಲದ ನಂಟಿಗೂ ವಿರೋಧವು ಅನಿವಾರ್ಯವಲ್ಲವೆಂಬುದಕ್ಕೆ ಇದು ನಿದರ್ಶನ. ಆದರೆ ಆ ನಂಟು ತಾನಾಗಿ ಉಳಿಯುವುದಿಲ್ಲ, ಊರೂರಿನ ಮೈದಾನಗಳಲ್ಲಿ ಬೆಳೆಸಿ ಉಳಿಸಿಕೊಳ್ಳಬೇಕಾಗುತ್ತದೆ. ಬೆಂಗಳೂರು ಎಫ್.ಸಿ. ಮುಂದೆ ಸ್ಪೇನಿನ ಆಲ್ಬರ್ಟ್ ರೋಕಾ ಅವರ ತರಬೇತಿಯಲ್ಲಿ 2016ರ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲಪಿತು. ಅದೇ ದೇಶದ ಕಾರ್ಲೆಸ್ ಕ್ವಾಡ್ರಾಟ್ ಅವರ ಕಾಲದಲ್ಲಿ, 2019ರ ಮಾರ್ಚಿಯಲ್ಲಿ, ಇಂಡಿಯನ್ ಸೂಪರ್ ಲೀಗನ್ನು ಗೆದ್ದಿತು. ಸ್ಪೇನಿನಿಂದ ತರಬೇತುದಾರರನ್ನು ಕರೆತರುವುದು ಸುಲಭ. ಬಿಲ್ಬಾವೊದ ಪಾಠವನ್ನು ತರುವುದು ಕಷ್ಟ.

ಏಕೆಂದರೆ ಬೆಂಗಳೂರಿನ ಆಟವು ಮೊದಲಿನಿಂದಲೂ ದಂಡುಪ್ರದೇಶದ ಎಲ್ಲೆಯೊಳಗೆ ಬೆಳೆದುದು. ಆ ಪ್ರದೇಶವು ಮೈಸೂರು ಸಂಸ್ಥಾನದ ಆಡಳಿತಕ್ಕೆ ಮರಳಿದುದೇ 1947ರಲ್ಲಿ. ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಚನ್ನರಾಯಪಟ್ಟಣವೂ ಹಾಸನವೂ ಒಂದೇ ದಾರಿಯಲ್ಲಿ ಸಿಕ್ಕುತ್ತವೆ. ಹೊಳೆನರಸೀಪುರ, ಅರಕಲಗೂಡುಗಳೂ ದೂರವಿಲ್ಲ. ಆದರೂ ಸೈನ್ಯದ ನೆಲೆಯಾಗಲಿ ದೊಡ್ಡ ಕಾರ್ಖಾನೆಗಳ ಸಾಲಾಗಲಿ ಇಲ್ಲದ ಇಂತಹ ತಾಲ್ಲೂಕುಗಳಿಗೆ ಆಟವನ್ನು ಕೊಂಡೊಯ್ಯುವ ವಾಹಿನಿಯೇ ಇರಲಿಲ್ಲ. ಕಬಡ್ಡಿ, ಖೋ-ಖೋ, ಗರಡಿಯ ಕುಸ್ತಿಗಳಿಗೆ ಗ್ರಾಮಸಮಾಜದ ಆಸರೆಯಿದ್ದಿತು; ಕಾಲ್ಚೆಂಡಿಗೆ ಉಳಿದುದು ಶಾಲಾ ಕಾಲೇಜುಗಳ ಮೈದಾನವೊಂದೇ. ಆದಕಾರಣ ಜಿಲ್ಲೆಯ ಹಳೆಯ ಪ್ರೌಢಶಾಲೆಗಳ ಕ್ರೀಡಾದಾಖಲೆಗಳನ್ನೂ, ಹಿರಿಯ ವ್ಯಾಯಾಮ ಶಿಕ್ಷಕರ ನೆನಪುಗಳನ್ನೂ ಅವು ನಷ್ಟವಾಗುವ ಮೊದಲು ಸಂಗ್ರಹಿಸುವುದು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಉಪಯುಕ್ತ ಕಾರ್ಯ. ರಾಜಧಾನಿಯ ಪ್ರಶಸ್ತಿಗಳ ಪಟ್ಟಿಯು ನಾಡಿನ ಆಟದ ಇತಿಹಾಸವಾಗಲಾರದು.

2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾಧಿನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು. 2014ರ ಜಯವೇ ಇದಕ್ಕೆ ಕಾರಣವೆಂದು ಹೇಳುವುದು ಅವಸರದ ಮಾತಾದೀತು. ಎರಡೂ ಜಯಗಳ ಸ್ವರೂಪವೇ ಬೇರೆ. ಒಂದು ಕ್ಲಬ್ಬಿನದು, ಇನ್ನೊಂದು ನಾಡಿನ ಪ್ರಾತಿನಿಧಿಕ ತಂಡದ್ದು. ಹಾಗಾದರೆ ಫತೋರ್ಡಾದ ಜಯವು ಯಾರದು? ಬಂಡವಾಳವು ಅದನ್ನು ಸಾಧ್ಯವಾಗಿಸಿತು. ನಗರವು ಅದನ್ನು ತನ್ನದೆಂದು ಅಂಗೀಕರಿಸಿತು. ಅದು ನಾಡಿನದೂ ಆಗಬೇಕಾದರೆ ದಂಡಿನ ಮೈದಾನದ ಎಲ್ಲೆಯನ್ನು ದಾಟಿ ತಾಲ್ಲೂಕುಗಳಿಂದ ಆಟಗಾರರು ಬರಬೇಕು. ಆ ಕಾರ್ಯವು ಒಂದು ಋತುವಿನಲ್ಲಿ ಮುಗಿಯುವಂಥದಲ್ಲ.