ನಮ್ಮ ಡ್ಯಾಮಿನೊಳಗೆ ಯಾರ ಹೊಲದ ಮಣ್ಣು?

ಬೇಸಿಗೆಯಲ್ಲಿ ಮರಿಯಮ್ಮನಹಳ್ಳಿ ಕಡೆಯಿಂದ ತುಂಗಭದ್ರಾ ಹಿನ್ನೀರಿಗೆ ಇಳಿದರೆ ಮೊದಲು ಕಾಲಿಗೆ ಸಿಗುವುದು ನೀರಲ್ಲ, ಬಿರುಕು ಬಿಟ್ಟ ಹೂಳು. ನಾವು ಹೋದಾಗ ಒಂದು ಬಿರುಕಿನಲ್ಲಿ ಮೊಳಕೈವರೆಗೆ ಕೈ ಇಳಿಯಿತು. ಈ ಮಣ್ಣು ಇಲ್ಲಿಯದಲ್ಲ.

ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ, ಮುಂದೆ ವರದಾ ನದಿಯನ್ನೂ ಕೂಡಿಸಿಕೊಂಡು ಬರುವ ಹೊಳೆಗೆ ಸುಮಾರು 28 ಸಾವಿರ ಚದರ ಕಿ.ಮೀ. ನೆಲದ ಮಳೆ ಹರಿದು ಬರುತ್ತದೆ. ಮಲೆನಾಡಿನ ಗುಡ್ಡ, ಹಾವೇರಿಯ ಎರೆಹೊಲ ಎಲ್ಲ ಅದರಲ್ಲೇ. ಮೊದಲ ಮಳೆಗೆ ಬದು ಒಡೆದ ಹೊಲದ ಮೇಲ್ಮಣ್ಣು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಹರಿಯುವಾಗ ನೀರಿಗೆ ಮಣ್ಣು ಹೊರುವ ಶಕ್ತಿ ಇರುತ್ತದೆ. ಡ್ಯಾಮಿನ ನಿಂತ ನೀರಿಗೆ ಬಂದ ಕೂಡಲೇ ಆ ಶಕ್ತಿ ಉಡುಗುತ್ತದೆ. ಭಾರದ ಮರಳು ಹಿನ್ನೀರಿನ ಬಾಯಲ್ಲೇ ಕೂರುತ್ತದೆ, ನಯವಾದ ಜೇಡಿ ಕಟ್ಟೆಯವರೆಗೂ ತೇಲಿ ಬಂದು ತಳಕ್ಕಿಳಿಯುತ್ತದೆ. ಡ್ಯಾಮ್ ಇಲ್ಲದಾಗ ಇದೇ ಮಣ್ಣು ಕೃಷ್ಣೆ ಸೇರಿ, ಬಂಗಾಳ ಕೊಲ್ಲಿಯ ದಂಡೆಯಲ್ಲಿ ಗದ್ದೆ ನೆಲ ಕಟ್ಟುತ್ತಿತ್ತು.

ಮದ್ರಾಸ್ ಸರ್ಕಾರ, ಹೈದರಾಬಾದ್ ಸಂಸ್ಥಾನ ಸೇರಿ 1945ರಲ್ಲಿ ಅಡಿಗಲ್ಲು ಇಟ್ಟ ಡ್ಯಾಮ್ ಇದು. 1953ರಲ್ಲಿ ನೀರು ನಿಂತಾಗ ಸಾಮರ್ಥ್ಯ ಸುಮಾರು 133 ಟಿಎಂಸಿ. 2008ರ ಸರ್ವೆಯಲ್ಲಿ 100.855, 2016ರಲ್ಲಿ 105.788. ಎಂಟು ವರ್ಷದಲ್ಲಿ ಹೂಳು ತಾನಾಗಿ ಎದ್ದು ಹೋಗಲಿಲ್ಲ, ಅಳೆಯುವ ರೀತಿ ಬೇರೆಯಾಯಿತು ಅಷ್ಟೆ. ಹೇಗೆ ಅಳೆದರೂ 27 ಟಿಎಂಸಿಯಷ್ಟು ಜಾಗ ಮಣ್ಣಿನ ಪಾಲು.

ಎತ್ತಬಾರದೇ ಎಂದು ಎಲ್ಲರೂ ಕೇಳುತ್ತಾರೆ. ನಾವೇ ಲೆಕ್ಕ ಹಾಕಿ ನೋಡಿದೆವು. ಟಿಪ್ಪರಿಗೆ 10 ಘನ ಮೀಟರ್ ಹಿಡಿದರೆ ಸುಮಾರು ಏಳೂವರೆ ಕೋಟಿ ಟ್ರಿಪ್. ದಿನಕ್ಕೆ ಸಾವಿರ ಟ್ರಿಪ್ ಹೊಡೆದರೂ ಇನ್ನೂರು ವರ್ಷ ದಾಟುತ್ತದೆ. ಅಷ್ಟು ಮಣ್ಣು ಸುರಿಯುವುದಾದರೂ ಎಲ್ಲಿ? ಅದಕ್ಕೇ ನವಲಿ ಬಳಿ ಸಮಾನಾಂತರ ಜಲಾಶಯದ ಮಾತು ಬಂದದ್ದು. ಮೇಲಿನ ಜಿಲ್ಲೆಗಳ ಹೊಲಗಳಿಗೆ ಬದು ಹಾಕಿಸುವ ಮಾತು ಮಾತ್ರ ಸಭೆಗಳಲ್ಲಿ ಕಡಿಮೆ. ನಮಗೆ ಅದೇ ಮೊದಲು ಆಗಬೇಕಿತ್ತು ಅನಿಸುತ್ತದೆ.

2024ರ ಆಗಸ್ಟ್‌ನಲ್ಲಿ 19ನೇ ಗೇಟು ಕಿತ್ತುಹೋದಾಗ ನಾಡೆಲ್ಲ ಇತ್ತ ನೋಡಿತು. ಹೂಳು ಸದ್ದು ಮಾಡುವುದಿಲ್ಲ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಐಸಿಸಿ ಸಭೆಯತ್ತ ಕಣ್ಣಿಟ್ಟು ಕೂರುವ ಕಾಲುವೆ ಕೊನೆ ಭಾಗದ ರೈತನಿಗೆ ಮಾತ್ರ ಅದು ಗೊತ್ತಾಗುತ್ತದೆ.

ಹಿನ್ನೀರು ಸರಿದ ಜಾಗದಲ್ಲಿ ಒಬ್ಬ ಹಿರಿಯರು ಬೀಜ ಹಾಕುತ್ತಿದ್ದರು. ಗೊಬ್ಬರ ಎಷ್ಟು ಹಾಕ್ತೀರಿ ಯಜಮಾನ್ರೆ ಎಂದೆವು. ‘ಇದಕ್ಯಾಕಪ್ಪ ಗೊಬ್ಬರ? ಮ್ಯಾಗಿನೋರ ಹೊಲದ್ದೆಲ್ಲ ಇಲ್ಲೇ ಐತಲ್ಲ’ ಎಂದು ನಕ್ಕು, ಕೂರಿಗೆ ಹಿಡಿದು ಮುಂದೆ ಹೋದರು.