ಕಾರಣ ತಿಳಿಯದ ತೊಡೆಸಂದಿನ ನೋವು: ಎಕ್ಸ್-ರೇ ಹಾಗೂ ಸ್ಕ್ಯಾನಿಂಗ್ ಕುರಿತು ಸಾರ್ವಜನಿಕರಿಗೆ ಮಾಹಿತಿ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಾಗೂ ರಾಣೆಬೆನ್ನೂರು, ಹಾವೇರಿ ಮಾರುಕಟ್ಟೆಗಳಲ್ಲಿ ಚೀಲ ಹೊರುವ ಹಮಾಲರು ಮತ್ತು ಹೊಲಗಳಲ್ಲಿ ದುಡಿಯುವ ಕೃಷಿ ಕಾರ್ಮಿಕರು ತೊಡೆಸಂದಿನ ನೋವನ್ನು ಉಳುಕೆಂದು ಭಾವಿಸಿ ಕಡೆಗಣಿಸುವ ಸಂಭವವಿರುತ್ತದೆ. ಈ ನೋವಿನ ಮೂಲವು ಕಿಬ್ಬೊಟ್ಟೆಯ ಸ್ನಾಯು, ಸೊಂಟದ ಕೀಲು, ಮೂತ್ರನಾಳ, ವೃಷಣ ಅಥವಾ ಬೆನ್ನುಮೂಳೆಯಲ್ಲಿ ಇರಬಹುದಾಗಿದೆ.

1. ವೈದ್ಯರ ತಪಾಸಣೆ: ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಯಾವ ಪರೀಕ್ಷೆ ಅವಶ್ಯವೆಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ. ಹರ್ನಿಯಾದ ಉಬ್ಬು ಸ್ಪಷ್ಟವಾಗಿ ಕಂಡುಬಂದಲ್ಲಿ ಸಾಮಾನ್ಯವಾಗಿ ಸ್ಕ್ಯಾನಿಂಗ್ ಅವಶ್ಯವಿರುವುದಿಲ್ಲ.

2. ಪರೀಕ್ಷೆಗಳ ವಿವರ:

ಅ) ಅಲ್ಟ್ರಾಸೌಂಡ್: ಹೊರಗೆ ಕಾಣದ ಹರ್ನಿಯಾ, ಗಂಟು ಹಾಗೂ ವೃಷಣದ ತೊಂದರೆ ತಿಳಿಯಲು ಉಪಯುಕ್ತ. ಹರ್ನಿಯಾ ಪತ್ತೆಗಾಗಿ ರೋಗಿಯನ್ನು ಕೆಮ್ಮಲು ಅಥವಾ ಮುಕ್ಕಲು ಸೂಚಿಸಲಾಗುತ್ತದೆ.

ಆ) ಎಕ್ಸ್-ರೇ: ಕೀಲಿನ ಸವೆತ ಹಾಗೂ ಮೂಳೆ ಮುರಿತ ತಿಳಿಯಲು ಮೊದಲು ಮಾಡುವ ಪರೀಕ್ಷೆ.

ಇ) ಸಿ.ಟಿ. ಸ್ಕ್ಯಾನ್: ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವಿನಲ್ಲಿ ಮೂತ್ರನಾಳದ ಕಲ್ಲನ್ನು ಗುರುತಿಸಲು.

ಈ) ಎಂ.ಆರ್.ಐ.: ಕೂದಲೆಳೆಯಂತಹ ಬಿರುಕು, ಸ್ನಾಯುವಿನ ಹಾನಿ ಹಾಗೂ ರಕ್ತಪೂರೈಕೆ ಕುಂದಿ ತೊಡೆಮೂಳೆಯ ತಲೆಭಾಗ ಹಾಳಾಗುವ ರೋಗವನ್ನು ಆರಂಭದಲ್ಲಿಯೇ ಗುರುತಿಸಲು.

3. ವಿಶೇಷ ಸೂಚನೆ: ಎಕ್ಸ್-ರೇ ವರದಿ ಸರಿಯಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ತಿಳಿಯಬಾರದು. ಮೇಲ್ಕಂಡ ಬಿರುಕು ಮತ್ತು ಮೂಳೆರೋಗ ಆರಂಭದಲ್ಲಿ ಎಕ್ಸ್-ರೇಯಲ್ಲಿ ಕಾಣದಿರಬಹುದು. ಆ ಅವಧಿಯಲ್ಲಿ ಭಾರ ಹೊರುವುದನ್ನು ಮುಂದುವರಿಸಿದಲ್ಲಿ ಬಿರುಕು ಪೂರ್ಣ ಮುರಿತವಾಗುವ ಅಪಾಯವಿದೆ. ಆದ್ದರಿಂದ ನೋವು ಮುಂದುವರಿದಲ್ಲಿ, ವಿಶೇಷವಾಗಿ ಬಿದ್ದ ವೃದ್ಧರು ಕಾಲೂರಲು ಕಷ್ಟಪಡುತ್ತಿದ್ದಲ್ಲಿ, ಮರುತಪಾಸಣೆ ಕಡ್ಡಾಯವಾಗಿ ಮಾಡಿಸತಕ್ಕದ್ದು.

4. ತುರ್ತು ಸಂದರ್ಭ: ವೃಷಣದಲ್ಲಿ ಹಠಾತ್ ತೀವ್ರ ನೋವು ಕಾಣಿಸಿಕೊಂಡಲ್ಲಿ, ಹರ್ನಿಯಾದ ಉಬ್ಬು ಒಳಸೇರದೆ ವಾಂತಿಯಾದಲ್ಲಿ, ಜ್ವರದೊಂದಿಗೆ ಕಾಲು ಅಲುಗಾಡಿಸಲು ಆಗದಿದ್ದಲ್ಲಿ ಅಥವಾ ಗರ್ಭಿಣಿಯರಿಗೆ ತೀವ್ರ ನೋವು, ರಕ್ತಸ್ರಾವವಾದಲ್ಲಿ ಸ್ಕ್ಯಾನಿಂಗ್ ಸರದಿಗಾಗಿ ಕಾಯದೆ 108 ಆಂಬುಲೆನ್ಸ್‌ಗೆ ಕರೆ ಮಾಡಿ ಆಸ್ಪತ್ರೆಗೆ ದಾಖಲಾಗತಕ್ಕದ್ದು. ವೃಷಣ ತಿರುಚಿಕೊಂಡಲ್ಲಿ ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅದನ್ನು ಉಳಿಸುವ ಸಾಧ್ಯತೆ ಹೆಚ್ಚು.

5. ಮುಂಚಿತವಾಗಿ ತಿಳಿಸಬೇಕಾದ ಅಂಶಗಳು: ಗರ್ಭಿಣಿಯರು ಎಕ್ಸ್-ರೇ ಹಾಗೂ ಸಿ.ಟಿ. ಪರೀಕ್ಷೆಗೆ ಮುನ್ನ, ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹದ ಸಾಧನ ಇರುವವರು ಎಂ.ಆರ್.ಐ. ಪರೀಕ್ಷೆಗೆ ಮುನ್ನ ಸಿಬ್ಬಂದಿಗೆ ತಿಳಿಸತಕ್ಕದ್ದು.

6. ಶಿಫಾರಸು ಹಾಗೂ ದಾಖಲೆಗಳು: ತಾಲ್ಲೂಕು ಆಸ್ಪತ್ರೆಯ ವೈದ್ಯರು ಅವಶ್ಯವಿದ್ದಲ್ಲಿ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತಾರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು, ತುರ್ತು ಸಂದರ್ಭ ಹೊರತುಪಡಿಸಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅವಶ್ಯ. ಆಧಾರ್ ಕಾರ್ಡ್, ಪಡಿತರ ಚೀಟಿ ಹಾಗೂ ಹಿಂದಿನ ಎಲ್ಲಾ ಎಕ್ಸ್-ರೇ ಫಿಲ್ಮ್ ಮತ್ತು ವರದಿಗಳನ್ನು ತಪ್ಪದೇ ತರತಕ್ಕದ್ದು.