ಹಸುವಿನಿಂದ ಬಂದ ಕ್ಯಾನ್ಸರ್ ಮಾತ್ರೆ

ಬೆಂಗಳೂರಿನ ಡೈರಿ ಸರ್ಕಲ್ ಹತ್ತಿರದ ಕಿದ್ವಾಯಿ ಆಸ್ಪತ್ರೆ ಶುರುವಾಗಿದ್ದು 1973ರಲ್ಲಿ. ಅಂಥ ಆಸ್ಪತ್ರೆಗಳಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಹಲವು ಹೆಂಗಸರ ಚೀಟಿಯಲ್ಲಿ ದಿನಕ್ಕೊಂದು ಟಮಾಕ್ಸಿಫೆನ್ ಮಾತ್ರೆ ಇರುತ್ತದೆ. ಇದರ ಮೂಲ ಹುಡುಕಿದರೆ ನಮಗೆ ಸಿಗುವುದು ಹಸು!

ಕರು ಹಾಕಿದ ಹಸುವಿನ ಅಂಡಾಶಯ ತೆಗೆದರೆ ಹೆಚ್ಚು ಕಾಲ ಹಾಲು ಕರೆಯಬಹುದೆಂದು ಆಸ್ಟ್ರೇಲಿಯಾದ ರೈತರು ಕಂಡುಕೊಂಡಿದ್ದರು. ಅಂಡಾಶಯಕ್ಕೂ ಕೆಚ್ಚಲಿಗೂ ಏನೋ ನಂಟಿದೆ ಎಂದುಕೊಂಡ ಸ್ಕಾಟ್ಲೆಂಡ್‌ನ ಡಾಕ್ಟರ್ ಜಾರ್ಜ್ ಬೀಟ್ಸನ್, 1895ರಲ್ಲಿ ಸ್ತನ ಕ್ಯಾನ್ಸರ್ ಇದ್ದ ಹೆಂಗಸೊಬ್ಬರ ಅಂಡಾಶಯ ತೆಗೆದರು. ಗಡ್ಡೆ ಕರಗಿತು. ಆಗಿನ್ನೂ ‘ಹಾರ್ಮೋನ್’ ಎಂಬ ಪದವೇ ಹುಟ್ಟಿರಲಿಲ್ಲ.

ಗಡ್ಡೆಗೆ ಈಸ್ಟ್ರೋಜನ್ ಹಾರ್ಮೋನೇ ಗೊಬ್ಬರವಾಗಿದ್ದರೆ ಮಾತ್ರ ಈ ದಾರಿ ಫಲಿಸುತ್ತದೆ. ಅದನ್ನು ಈಗ ಗಡ್ಡೆಯ ಚೂರು ಪರೀಕ್ಷಿಸಿ ತಿಳಿಯುತ್ತಾರೆ. ಮಾತ್ರೆ ಆ ಗೊಬ್ಬರ ತಾಗದಂತೆ ತಡೆಯುತ್ತದೆ. ನೋವಿಲ್ಲ, ಗುಣವಾಯಿತು ಎಂದು ಮಧ್ಯದಲ್ಲೇ ಬಿಡುವವರಿದ್ದಾರೆ. ಸಾಮಾನ್ಯವಾಗಿ ಇದನ್ನು ನುಂಗಬೇಕಾದದ್ದು 5 ವರ್ಷ, ಕೆಲವರು 10.